ಆಳಿಲ್ಲ, ಬಾ

ಮುನಿರಾಜು, ಅವತ್ತು ನಿನ್ನ ಕಿವಿ ತಪ್ಪಲಿಲ್ಲ. ತಪ್ಪಿದವನು ನಾನು. ನೀನು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿಯೇ ಕೇಳಿಸಿತ್ತು. ನಾನು ಕೊಟ್ಟ ಉತ್ತರಕ್ಕೆ ಇದ್ದದ್ದು ಒಂದೇ ಅರ್ಥ. ಆ ಅರ್ಥವನ್ನು ಸಂಜೆಯಾಗುವುದರೊಳಗೆ ತಿರುಚಿ, ಪೊಲೀಸರಿಗೆ ಹೇಳಿದೆ, ನಮ್ಮ ಜೊತೆಗಾರರಿಗೆ ಹೇಳಿದೆ, ಕೊನೆಗೆ ನಿನಗೂ ಹೇಳಿದೆ. ಕಾಶಿಯ ಕಾಲು ಹೋದದ್ದು ನಿನ್ನ ಬೋಟಿನ ಕೆಳಗೆ, ಅದು ನಿಜ. ಆದರೆ ನಿನ್ನನ್ನು ಅಲ್ಲಿಗೆ ಕರೆದವನು ನಾನು.

ಬರೆದೆ. ಎಂಟು ವರ್ಷ ಬಾಯಿಗೆ ಬಾರದ ಮಾತು ಎಂಟು ಸಾಲಿನಲ್ಲಿ ಮುಗಿದುಹೋಯಿತು—ಇಷ್ಟೇನಾ ಅನ್ನಿಸುತ್ತದೆ. ಹಗುರವಾಯಿತು ಎಂದು ಹೇಳಲಾರೆ. ಆಯಾಸವಾಗಿದೆ, ಅಷ್ಟೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ಅವತ್ತಿನಿಂದ ಈಚೆಗೆ ನಿನಗೆ ಗೊತ್ತಿರುವುದರ ಮೇಲೇ ನಿನಗೆ ನಂಬಿಕೆ ಇಲ್ಲವಾಗಿದೆ. ನಾನು ನಿನ್ನಿಂದ ತೆಗೆದುಕೊಂಡದ್ದು ಅದು. ಕೇಸು, ಕೋರ್ಟು, ಊರವರ ಮಾತು—ಅವೆಲ್ಲ ಅದರ ಹಿಂದೆ ಬಂದವು.

ಬೋಟಿನ ಹುಚ್ಚು ನಮಗೆ ಹತ್ತಿಸಿದವನೂ ನಾನೇ ಅಲ್ಲವಾ. ಜೂಜುವಾಡಿಯ ಶೆಡ್ಡಿನಲ್ಲಿ ಫೈಬರ್ ಕೆಲಸ ಮಾಡಿಕೊಂಡಿದ್ದವನು ನಾನು—ನೀರಿನ ತೊಟ್ಟಿ, ಫ್ಯಾಕ್ಟರಿ ಮಿಷನ್ನುಗಳ ಮುಚ್ಚಳ, ಪಾರ್ಕಿನ ಜಾರುಬಂಡೆ. ಯಾರೋ ಒಬ್ಬರು ಕೆರೆಯಲ್ಲಿ ಓಡಿಸಲು ಮೋಟಾರು ಬೋಟು ಬೇಕೆಂದು ಹೇಳಿ, ಅಚ್ಚು ಮಾಡಿಸಿ, ಆಮೇಲೆ ಫೋನೇ ಎತ್ತಲಿಲ್ಲ. ಹದಿನಾರು ಅಡಿಯ ಅಚ್ಚು ಶೆಡ್ಡಿನ ಅರ್ಧ ಜಾಗ ಹಿಡಿದು ಕೂತಿತ್ತು. ಅದರಲ್ಲಿ ಮೊದಲ ಬೋಟು ನನಗೆ ಮಾಡಿದೆ, ಎರಡನೆಯದು ನಿನಗೆ. ಡೆಂಕಣಿಕೋಟೆಯ ಆಚೆ ಕಾಡಿನ ಅಂಚಿನಲ್ಲಿ ರಾಗಿ, ಟೊಮೆಟೊ ಬೆಳೆಯುವವನಿಗೆ ಬೋಟು ಯಾಕೆ ಎಂದು ನಿನ್ನ ಹೆಂಡತಿ ರತ್ನಮ್ಮ ಕೇಳಿದಾಗ ನೀನು, ಎತ್ತಿನಗಾಡಿ ಮಾರಿ ಜಾಗ ಖಾಲಿ ಆಯ್ತಲ್ಲ ಎಂದೆ. ಅವಳು ಒಂದು ವಾರ ನಗುತ್ತಲೂ ಇದ್ದಳು, ಬಯ್ಯುತ್ತಲೂ ಇದ್ದಳು. ಮೂರನೆಯದು ಕೃಷ್ಣಗಿರಿಯ ಮಾವಿನ ವ್ಯಾಪಾರಿ ಸೆಲ್ವಂಗೆ. ನಾಲ್ಕನೆಯದು ಹೊಸೂರಿನ ಲೇತ್ ವರ್ಕ್‌ಶಾಪಿನ ಅಣ್ಣತಮ್ಮಂದಿರಿಬ್ಬರಿಗೂ ಸೇರಿ ಒಂದು. ಸಮುದ್ರದಿಂದ ಅಷ್ಟು ದೂರದಲ್ಲಿ ನಾಲ್ಕು ಬೋಟು.

ಶಿವರಾತ್ರಿ ಕಳೆದು ಸಮುದ್ರ ತಣ್ಣಗಾದ ಮೇಲೆ ವರ್ಷಕ್ಕೊಂದು ಸಲ ಹೊರಡುತ್ತಿದ್ದೆವು. ಪಿಕಪ್ ಗಾಡಿಗಳ ಹಿಂದೆ ಬೋಟು ಕಟ್ಟಿಕೊಂಡು, ಕೃಷ್ಣಗಿರಿ ದಾಟಿ, ತಿರುವಣ್ಣಾಮಲೈ ರಸ್ತೆ ಹಿಡಿದು ಕರಾವಳಿಗೆ. ಜೂಜುವಾಡಿಯಲ್ಲಿ ಲಾರಿಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಸೂರಿಗೆ ಸಮುದ್ರ ಬಂತಾ ಎಂದು ಕೇಳುತ್ತಿದ್ದರು. ಮೂರು ದಿನ ದಡದ ಉದ್ದಕ್ಕೂ ಒಬ್ಬರ ಹಿಂದೊಬ್ಬರು ಬೋಟು ಓಡಿಸುವುದು, ಮೀನುಗಾರರ ಊರುಗಳಲ್ಲಿ ನಿಂತು ಉಣ್ಣುವುದು, ಮರಳಲ್ಲಿ ಒರಗುವುದು. ನಮ್ಮ ಬದುಕಿನಲ್ಲಿ ಯಾರೂ ಹೇಳದೆ ನಾವೇ ಇಷ್ಟಪಟ್ಟು ಮಾಡಿದ ಕೆಲಸ ಅದೊಂದೇ ಇರಬೇಕು. ಅದನ್ನೂ ನಾನೇ ಕೆಡಿಸಿದೆ.

ಎಲ್ಲರ ಕೈಯಲ್ಲೂ ವಾಕಿಟಾಕಿ ಇತ್ತು. ಮಾತಾಡುತ್ತಿದ್ದದ್ದು ಮೂರು ಭಾಷೆ. ಸೆಲ್ವಂ ತಮಿಳಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದ, ಅಣ್ಣತಮ್ಮಂದಿರು ತಮಿಳು, ನಾವಿಬ್ಬರು ನಮ್ಮೂರಿನ ಕನ್ನಡ. ಮುಂದಿನ ಬೋಟಿನವನು ಹಿಂದಿನವನಿಗೆ ದಾರಿ ಹೇಳಬೇಕು ಎನ್ನುವುದೊಂದೇ ನಮ್ಮ ಕಟ್ಟುಪಾಡು. ಹೇಳಬೇಕಾದ್ದು ಎರಡು—ನೀರು ಎಷ್ಟಿದೆ, ನೀರಿನಲ್ಲಿ ಜನ ಇದ್ದಾರಾ.

ಇಲ್ಲೇ ಇರುವುದು ಆ ಮಾತಿನ ತೊಡಕು. ಬೇರೆ ಯಾರಿಗಾದರೂ ಇದು ತಮಾಷೆ ಅನ್ನಿಸೀತು. ನೀರು ಆಳ ಇದ್ದರೆ ನಾವು ‘ಆಳೈತೆ’ ಅನ್ನುತ್ತೇವೆ. ಮನುಷ್ಯ ಇದ್ದರೆ ‘ಆಳವ್ನೆ’. ಕೇಳುವಾಗಲೂ ಅಷ್ಟೇ, ‘ಆಳೈತಾ’ ಬೇರೆ, ‘ಆಳವ್ನಾ’ ಬೇರೆ. ಇಲ್ಲ ಅನ್ನುವಾಗ ಮಾತ್ರ ಎರಡಕ್ಕೂ ಒಂದೇ ಮಾತು—ಆಳಿಲ್ಲ. ನೀರು ಕಡಿಮೆ, ನಿಧಾನ ಬಾ ಎಂದರೂ ಅದೇ. ಮನುಷ್ಯರಿಲ್ಲ, ಧೈರ್ಯವಾಗಿ ಬಾ ಎಂದರೂ ಅದೇ. ಒಂದು ಮಾತು ನಿಲ್ಲಿಸುತ್ತದೆ, ಅದೇ ಮಾತು ಓಡಿಸುತ್ತದೆ. ಯಾವ ಪ್ರಶ್ನೆಗೆ ಉತ್ತರ ಎನ್ನುವುದರ ಮೇಲೆ ಎಲ್ಲ ನಿಂತಿದೆ. ವರ್ಷಗಟ್ಟಲೆ ಆಡಿಕೊಂಡು ಬಂದ ನಮಗೆ ಅದು ಯಾವತ್ತೂ ತೊಡಕಾಗಿರಲಿಲ್ಲ. ಅವತ್ತೂ ಆಗಲಿಲ್ಲ—ನಾನು ಅದನ್ನು ತೊಡಕು ಮಾಡಿದೆ.

ಆ ಸಲದ ಎರಡನೆಯ ದಿನ, ಮಧ್ಯಾಹ್ನ. ಊಟಕ್ಕೆಂದು ಹಿನ್ನೀರಿನ ಒಳಗಿದ್ದ ಊರೊಂದಕ್ಕೆ ಹೋಗಬೇಕಿತ್ತು. ಆ ಊರಿನ ಹೆಸರು ಬೇಡ. ಹಿನ್ನೀರು ಸಮುದ್ರಕ್ಕೆ ಬಂದು ಸೇರುವ ಬಾಯಿ ಅದು. ಎರಡೂ ಕಡೆ ಮರಳ ದಿಬ್ಬ, ನಡುವೆ ನಾಲ್ಕು ಗಾಡಿ ಅಗಲದ ದಾರಿ. ನಾನು ಮೊದಲು ನುಗ್ಗಿ ಒಳಗೆ ಬಂದೆ. ನೀರು ಬೇಕಾದಷ್ಟಿತ್ತು. ಒಳಗೆ ಬಂದವನು ಬೋಟು ತಿರುಗಿಸಿ, ಬಾಯಿಗೆ ಮುಖ ಮಾಡಿ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂದು ನಾನು ಯಾರಿಗೂ ಹೇಳಿಲ್ಲ.

ವೀಡಿಯೊ ತೆಗೆಯಲು. ಯಾವುದೋ ಡ್ಯಾಮಿನ ಪಕ್ಕದಲ್ಲಿ ಹೋಟೆಲು ಕಟ್ಟುತ್ತಿದ್ದವರೊಬ್ಬರು, ನಿಮ್ಮ ಬೋಟು ಓಡುವುದನ್ನು ತೋರಿಸಿ ಎಂದಿದ್ದರು. ನಿನ್ನದು ಕೆಂಪು ಬೋಟು. ನಾನೇ ಎರಡು ಸಲ ಬಣ್ಣ ಹೊಡೆದು ಉಜ್ಜಿದ್ದು. ಅದು ನೊರೆ ಹಾರಿಸಿಕೊಂಡು ಎರಡು ಮರಳ ದಿಬ್ಬಗಳ ನಡುವೆ ಬರುವುದನ್ನು ಹಿಡಿದರೆ—ಹಾಗೆ ಅಂದುಕೊಂಡು ಎಡಗೈಯಲ್ಲಿ ಫೋನು ಎತ್ತಿ ಹಿಡಿದೆ. ಬಲಗೈಯಲ್ಲಿ ವಾಕಿಟಾಕಿ. ಮೋಟಾರು ಗುರುಗುಟ್ಟುತ್ತಿತ್ತು.

ನೀನು ಹೊರಗೆ ನಿಂತಿದ್ದೆ. ನಮ್ಮೆಲ್ಲರಲ್ಲಿ ಕೇಳದೆ ಒಂದು ಅಡಿ ಮುಂದಿಡದವನು ನೀನೊಬ್ಬನೇ. ಅದಕ್ಕೆ ನಿನ್ನನ್ನು ‘ಪತ್ರ ಬರೆದು ಬರೋನು’ ಎಂದು ಕಾಡಿಸುತ್ತಿದ್ದೆವು. ಅವತ್ತೂ ಕೇಳಿದೆ.

“ಅಣ್ಣಾ, ಆಳವ್ನಾ?”

ಆಳವ್ನಾ. ಆಳೈತಾ ಅಲ್ಲ. ಮುನಿರಾಜು, ಇದನ್ನು ಇನ್ನೊಂದು ಸಲ ಬರೆಯುತ್ತೇನೆ—ನೀನು ‘ಆಳವ್ನಾ’ ಎಂದೇ ಕೇಳಿದೆ. ವಾಕಿಟಾಕಿಯಲ್ಲಿ ಗರಗರ ಇರಲಿಲ್ಲ. ಗಾಳಿ ಇರಲಿಲ್ಲ. ನೀನು ಪಕ್ಕದಲ್ಲಿ ಕೂತು ಕೇಳಿದಷ್ಟು ನಿಚ್ಚಳವಾಗಿತ್ತು.

ನಾನು ನೀರಿನ ಕಡೆ ನೋಡಲಿಲ್ಲ. ಫೋನಿನಲ್ಲಿ ನೋಡುತ್ತಿದ್ದೆ. ಫೋನಿನ ಆ ಚಿಕ್ಕ ಚೌಕದಲ್ಲಿ, ದಾರಿಯ ಎಡಕ್ಕೆ, ಕಪ್ಪಗೆ ಒಂದು ಚುಕ್ಕೆ ಇತ್ತು. ಇತ್ತು ಎನ್ನುವುದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಬಲೆಗೆ ಕಟ್ಟುವ ಬೆಂಡು ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಂಡರೆ ಸಾಕು ಎಂದು ಬಿಟ್ಟೆನೋ—ಎಷ್ಟೋ ಸಲ ಕೂತು ಯೋಚಿಸಿದ್ದೇನೆ, ತೀರ್ಮಾನಕ್ಕೆ ಬರಲಾಗಿಲ್ಲ. ಕಣ್ಣೆತ್ತಿ ನೋಡಲು ಎಷ್ಟು ಹೊತ್ತು ಬೇಕಿತ್ತು? ನೋಡಿದ್ದರೆ ಫೋನು ಅಲುಗುತ್ತಿತ್ತು. ಮತ್ತೆ ನಿನ್ನನ್ನು ಹಿಂದಕ್ಕೆ ಕಳಿಸಿ ಮತ್ತೆ ಬಾ ಅನ್ನಬೇಕಾಗುತ್ತಿತ್ತು.

“ಆಳಿಲ್ಲ, ಬಾ. ಜೋರಾಗ್ ಬಾ.”

ನೀನು ಬಂದೆ.

ಮೀನುಗಾರ ಕಾಶಿ ಎದೆ ಮಟ್ಟದ ನೀರಿನಲ್ಲಿ ನಿಂತು ಏಡಿಬಲೆ ಬಿಡಿಸುತ್ತಿದ್ದ. ಸಿಕ್ಕ ಗಂಟು ಬಿಡಿಸಲು ಬಗ್ಗಿದ್ದ, ಅದಕ್ಕೆ ತಲೆ ಮಾತ್ರ ಕಾಣುತ್ತಿತ್ತು. ಮೋಟಾರಿನ ಸದ್ದು ಕೇಳಿ ಪಕ್ಕಕ್ಕೆ ಹಾರಲು ನೋಡಿದ, ಬಲೆ ಕಾಲಿಗೆ ಸುತ್ತಿಕೊಂಡಿತು. ಇದೆಲ್ಲ ಆಮೇಲೆ ಅವನೇ ಹೇಳಿದ್ದು, ನಿನಗೆ ಹೇಳಿದ್ದು, ನೀನು ನನಗೆ ಹೇಳಿದ್ದು. ನಾನು ಕಂಡದ್ದು ನಿನ್ನ ಬೋಟು ಒಂದು ಕಡೆಗೆ ವಾಲಿದ್ದು, ನೀನು ಮೋಟಾರು ಆರಿಸಿ ಬಟ್ಟೆಯಲ್ಲೇ ನೀರಿಗೆ ಹಾರಿದ್ದು. ಅವನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೀನು ದಡದ ಕಡೆ ನಡೆದು ಬರುತ್ತಿದ್ದೆ. ನಿನ್ನ ಹೆಗಲ ಮೇಲಿನ ಟವೆಲ್ಲನ್ನು ನೀನೇ ಅವನ ತೊಡೆಗೆ ಬಿಗಿದು ಕಟ್ಟಿದೆ. ಅಷ್ಟು ಬಿಗಿಯಾಗಿ ಕಟ್ಟಿದ್ದರಿಂದಲೇ ಜೀವ ಉಳಿಯಿತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಆ ಮಾತನ್ನು ಒಂದು ದಿನವೂ ಎತ್ತಿಲ್ಲ.

ಆಸ್ಪತ್ರೆಯ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ನಾವು ಉಳಿದ ಮೂರು ಬೋಟಿನವರು ಕೂತಿದ್ದೆವು. ನೀನು ಒಳಗೆ ಅವನ ಹೆಂಡತಿಯ ಎದುರಿಗೆ ನೆಲದಲ್ಲಿ ಕೂತಿದ್ದೆ. ಆಗ ಸೆಲ್ವಂ ನನ್ನ ಕಡೆ ತಿರುಗಿದ. ಅವನು ನಿನ್ನ ಹಿಂದೆ ಇದ್ದನಲ್ಲ, ಅವನ ವಾಕಿಟಾಕಿಯಲ್ಲಿ ನನ್ನ ಮಾತು ಅರ್ಧ ಬಿದ್ದಿತ್ತು.

“ಆಳ್ ಇಲ್ಲೇನ್ನು ದಾನೇ ಸೊನ್ನೀಂಗ, ನಾಗಣ್ಣೇ?”

ಮನುಷ್ಯರಿಲ್ಲ ಅಂತ ತಾನೇ ಹೇಳಿದಿರಿ ಎಂದು ಕೇಳಿದ. ಅವನು ಅನುಮಾನದಿಂದ ಕೇಳಲಿಲ್ಲ, ಸುಮ್ಮನೆ ಕೇಳಿದ. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಯಲ್ಲಿ ಹೌದು ಇತ್ತು ಎಂದು ಈಗ ಹೇಳಿದರೆ ನೀನು ನಂಬಬೇಡ, ನನಗೇ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ. “ಅದು ನಿಮ್ಮ ತಮಿಳು, ಸೆಲ್ವಂ. ನಾನು ಹೇಳಿದ್ದು ಕನ್ನಡ. ನೀರು ಆಳ ಇಲ್ಲ, ನಿಧಾನ ಅಂತ ಹೇಳಿದೆ” ಎಂದೆ.

ನೋಡು, ಎಷ್ಟು ಸುಲಭವಾಗಿ ಕೂತುಕೊಂಡಿತು. ಸೆಲ್ವಂಗೆ ಕನ್ನಡ ಅಷ್ಟಕ್ಕಷ್ಟೇ. ಅಣ್ಣತಮ್ಮಂದಿರಿಗೆ ಅದೂ ಇಲ್ಲ. ನಾಲ್ಕು ಬೋಟಿನವರಲ್ಲಿ ಆ ಮಾತಿನ ಒಳಗುಟ್ಟು ಗೊತ್ತಿದ್ದವರು ನೀನೂ ನಾನೂ ಮಾತ್ರ, ನೀನು ಒಳಗಿದ್ದೆ. ಮನೆಯಲ್ಲಿ ಆಡುವ ಮಾತನ್ನು, ಅವ್ವನಿಂದ ಕಲಿತ ಮಾತನ್ನು ನಾನು ಬಚ್ಚಿಟ್ಟುಕೊಳ್ಳುವ ಪೊದೆ ಮಾಡಿಕೊಂಡೆ. ಅಯ್ಯೋ ಪಾಪ, ಮುನಿರಾಜು ತಮಿಳಿನಲ್ಲಿ ಕೇಳಿಸಿಕೊಂಡುಬಿಟ್ಟ ಎಂದು ಸೆಲ್ವಂ ಹಣೆ ಚಚ್ಚಿಕೊಂಡ. ನಾನು ತಲೆಯಾಡಿಸಿದೆ.

ಆಮೇಲೆ ಆಸ್ಪತ್ರೆಯ ಹಿಂದೆ, ನೀರಿನ ನಲ್ಲಿಯ ಹತ್ತಿರ ಹೋಗಿ ಫೋನು ತೆಗೆದೆ. ವೀಡಿಯೊ ಇತ್ತು. ಹಾಕಿ ನೋಡಲಿಲ್ಲ. ಅದರಲ್ಲಿ ನಿನ್ನ ಕೆಂಪು ಬೋಟಿಗಿಂತ ಮೊದಲು ನನ್ನ ದನಿ ಇರುತ್ತದೆ ಎಂದು ಗೊತ್ತಿತ್ತು. ಅಳಿಸಲೇ ಎಂದು ಫೋನು ಒಂದು ಸಲ ಕೇಳಿತು. ಹೌದು ಎಂದು ಒತ್ತಿದೆ. ಅವತ್ತು ನಾನು ಹೌದು ಎಂದದ್ದು ಅದೊಂದಕ್ಕೇ.

ನೀನು ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಪೊಲೀಸು ಜೀಪು ಬಂದು ನಿಂತಿತ್ತು, ಅವರಿಗೂ ನಾನು ಅದನ್ನೇ ಹೇಳಿಯಾಗಿತ್ತು. ನೀನು ಸೀದಾ ನನ್ನ ಹತ್ತಿರ ಬಂದು, ತೋಳು ಹಿಡಿದು ಕೇಳಿದೆ.

“ಅಣ್ಣಾ, ಬಾ ಅಂದ್ಯಲ್ಲಣ್ಣ?”

“ಇಲ್ಲ ಕಣ್ಲಾ. ಆಳಿಲ್ಲ ಅಂದೆ ಅಷ್ಟೇಯ. ನಾನ್ಯಾಕ್ ಬಾ ಅನ್ಲಿ?”

“ನಾನು ಆಳವ್ನಾ ಅಂತ…”

“ನೀನು ಆಳೈತಾ ಅಂದೆ ಕಣ್ಲಾ. ನಂಗಂಗೇ ಕೇಳುಸ್ತು.”

ನೀನು ನನ್ನ ಮುಖ ನೋಡಿದೆ. ನಾನು ಕಣ್ಣು ತಪ್ಪಿಸಲಿಲ್ಲ—ಅಷ್ಟು ಗಟ್ಟಿಗ ನಾನು. ನಿನ್ನ ಮುಖದಲ್ಲಿ ಏನೋ ಒಂದು ಆಚೀಚೆ ತೂಗಿತು. ಒಂದು ಕಡೆ ನಿನ್ನ ಕಿವಿ, ಇನ್ನೊಂದು ಕಡೆ ನಾನು. ಮೂರು ವರ್ಷ ದೊಡ್ಡವನು, ಈಜು ಕಲಿಸಿದವನು, ನಿಮ್ಮಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವನು. ನೀನು ನನ್ನ ಕಡೆ ವಾಲಿದೆ. “ಹಂಗಾದ್ರೆ ನಂಗೇ ಸರಿಯಾಗ್ ಕೇಳುಸ್ನಿಲ್ಲ ಬುಡಣ್ಣ” ಎಂದು ಹೇಳಿ ಜೀಪಿನ ಕಡೆ ಹೋದೆ. ನನ್ನ ಜೀವಮಾನದಲ್ಲಿ ನನ್ನನ್ನು ಯಾರೂ ಅಷ್ಟು ನಂಬಿಲ್ಲ. ಯಾರನ್ನೂ ನಾನು ಅಷ್ಟು ಕೆಟ್ಟದಾಗಿ ಬಳಸಿಕೊಂಡಿಲ್ಲ.

ಕಾರಣಗಳಿದ್ದವು. ಬರೆದರೆ ಒಂದು ಪುಟ ತುಂಬುತ್ತವೆ. ಅವು ಅವತ್ತಿಗೂ ನಿಜ, ಇವತ್ತಿಗೂ ನಿಜ, ಯಾವುದೂ ಸಾಲದು. ಅದಕ್ಕೇ ಬರೆಯುವುದಿಲ್ಲ.

ಕೇಸು ಎರಡು ವರ್ಷ ನಡೆಯಿತು. ಪ್ರತಿ ಸಲವೂ ನಿನ್ನ ಜೊತೆ ನಾನು ಬಂದೆ. ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಿ, ರತ್ನಮ್ಮ ಕಟ್ಟಿಕೊಟ್ಟ ಬುತ್ತಿ ಮಡಿಲಲ್ಲಿಟ್ಟುಕೊಂಡು, ಕಿಟಕಿ ಪಕ್ಕ ನಿನಗೆ ಬಿಟ್ಟುಕೊಟ್ಟು. ಊರಲ್ಲಿ ಜನ, ಅಣ್ಣ ಅಂದ್ರೆ ಹಿಂಗಿರಬೇಕು ಎಂದರು. ಅದನ್ನು ಕೇಳಿ ತಲೆ ತಗ್ಗಿಸುತ್ತಿದ್ದೆ. ಅದನ್ನೂ ವಿನಯ ಅಂದುಕೊಂಡರು. ಕೋರ್ಟಿನಲ್ಲಿ ನೀನು ಒಂದೇ ಮಾತು ಹೇಳಿದೆ, ತಪ್ಪು ನನ್ನದು ಎಂದು. ವಕೀಲರು ಬೇಡ ಎಂದರೂ ಹೇಳಿದೆ. ಜಡ್ಜು ನಿನ್ನನ್ನು ಸಂಜೆ ಕೋರ್ಟು ಏಳುವ ತನಕ ಮೂಲೆಯ ಬೆಂಚಿನಲ್ಲಿ ಕೂರಿಸಿದರು, ಅದೇ ಶಿಕ್ಷೆ ಎಂದರು. ನಾನು ಹೊರಗೆ ಕಾರಿಡಾರಿನಲ್ಲಿ ನಿಂತು ಬಾಗಿಲಿನ ಸಂದಿಯಿಂದ ನಿನ್ನ ಬೆನ್ನು ನೋಡುತ್ತಿದ್ದೆ. ಒಂದು ಹೆಜ್ಜೆ ಒಳಗಿಟ್ಟಿದ್ದರೆ—ಇಡಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಶಿಕ್ಷೆ ಶುರುವಾದದ್ದೇ ಆಮೇಲೆ ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ನಮ್ಮೂರಲ್ಲಿ ಆನೆ ಬರುವುದು ಮೊದಲು ನಿನಗೆ ಗೊತ್ತಾಗುತ್ತಿತ್ತು. ನಾಯಿ ಬೊಗಳುವುದಕ್ಕೆ ಮುಂಚೆ. ಬಿದಿರು ಮುರಿದ ಸದ್ದು, ಹೊಟ್ಟೆಯ ಗುಡುಗುಡು—ಇಂಥ ದಿಕ್ಕಿನಿಂದ, ಇಷ್ಟು ಇವೆ ಎಂದು ಹೇಳುತ್ತಿದ್ದೆ. ಸುತ್ತಲಿನ ಹತ್ತು ಹೊಲದವರು ನಿನ್ನ ಕಿವಿ ನಂಬಿ ಮಲಗುತ್ತಿದ್ದರು. ಬೋಟು ಕೊಟ್ಟಿಗೆಯಲ್ಲಿ ಬೋರಲು ಬಿದ್ದು ಅದರ ಕೆಳಗೆ ಕೋಳಿ ಮೊಟ್ಟೆ ಇಡುವ ಹೊತ್ತಿಗೆ ನೀನು ಕಾವಲಿಗೆ ಹೋಗುವುದನ್ನು ಬಿಟ್ಟಿದ್ದೆ. “ನನ್ ಕಿವಿ ನೆಚ್ಕೊಂಡು ಯಾರೂ ಇರ್ಬೇಡ್ರಪ್ಪ, ಒಬ್ಬನ ಕಾಲು ತೆಗ್ದವ್ನೆ ಈ ಕಿವಿಯವ್ನು” ಎಂದು ನೀನೇ ಹೇಳಿಕೊಂಡು ತಿರುಗಿದೆ. ಮೊದಲು ಬೇಸರದಿಂದ ಹೇಳಿದೆ, ಆಮೇಲೆ ಅಭ್ಯಾಸವಾಗಿ ಹೇಳಿದೆ. ಮಾರನೆಯ ವರ್ಷ ಕಾಡಿನ ಅಂಚಿನ ಹೊಲದ ರಾಗಿ ಒಂದೇ ರಾತ್ರಿಗೆ ಹೋಯಿತು. ಈಗ ಆ ಹೊಲ ಬೀಳು ಬಿದ್ದಿದೆ. ಅದರ ಪಕ್ಕದ ದಾರಿಯಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

ನೀನು ಟ್ರ್ಯಾಕ್ಟರು ಓಡಿಸುವುದನ್ನು ಬಿಟ್ಟೆ. ಬೈಕು ಬಿಟ್ಟೆ. ಮೊಮ್ಮಗಳನ್ನು ಶಾಲೆಗೆ ಬಿಡಲು ಮನೆಯಲ್ಲಿ ಸ್ಕೂಟರು ನಿಂತಿದ್ದರೂ ಕೈ ಹಿಡಿದುಕೊಂಡು ನಡೆಸಿಕೊಂಡು ಹೋಗುತ್ತೀಯ, ಹಿಂದೆ ಬರುವ ಗಾಡಿಯ ಹಾರನ್ನು ನಿನಗೆ ಕೇಳಿಸದೆ ಹೋದರೆ ಎಂದು. ರಸ್ತೆ ದಾಟುವಾಗ ಆರು ವರ್ಷದ ಮಗು ನಿನ್ನನ್ನು ದಾಟಿಸುತ್ತದೆ. ಕಂಡಿದ್ದೇನೆ.

ವರ್ಷಕ್ಕೊಂದು ಸಲ ಕಾಶಿಯ ಊರಿಗೆ ಹೋಗುತ್ತೀಯ. ಒಂದು ಚೀಲ ರಾಗಿ, ಕಾಲ ಬಂದಾಗ ಸೆಲ್ವಂ ಕೊಡುವ ಮಾವಿನಹಣ್ಣು. ಅವನೂ ನೀನೂ ದಡದಲ್ಲಿ ಕೂತು ಬಲೆ ಹೊಲಿಯುತ್ತೀರಂತೆ. ನೀನೂ ಬಾ ಅಣ್ಣ, ಒಳ್ಳೆ ಮನುಷ್ಯ ಅವನು ಎಂದು ಎಷ್ಟು ಸಲ ಕರೆದೆ. ನಾನು ಶೆಡ್ಡಿನಲ್ಲಿ ಕೆಲಸ ಎಂದೆ, ಮೊಣಕಾಲು ನೋವು ಎಂದೆ. ಮೊಣಕಾಲು ನೋವು ಎಂದು ಕಾಶಿಯ ವಿಷಯದಲ್ಲಿ ಹೇಳಿದೆ, ನೋಡು. ಹೇಳಿದ ಮೇಲೆ ನನಗೇ ಹೊಳೆಯಿತು. ನಿನಗೆ ಹೊಳೆಯಲಿಲ್ಲ, ಎಣ್ಣೆ ಹಚ್ಚಿಕೋ ಎಂದೆ.

ಹೋದ ತಿಂಗಳ ಮಾತು ಬರೆದು ಮುಗಿಸುತ್ತೇನೆ. ಹೊಸೂರಿನಲ್ಲಿ ಕಿವಿ ಪರೀಕ್ಷೆಗೆ ನೀನು ನನ್ನನ್ನು ಜೊತೆಗೆ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ನಿನ್ನ ಕಿವಿಗೆ ಕಪ್ಪು ಬಟ್ಟಲು ಹಾಕಿ ಕೂರಿಸಿದರು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ನೀನು ಎತ್ತುತ್ತಿದ್ದೆ. ಒಂದೊಂದು ಸಲ ಎತ್ತಿದ ಬೆರಳನ್ನು ಅನುಮಾನದಿಂದ ಮತ್ತೆ ಇಳಿಸುತ್ತಿದ್ದೆ. ಹೊರಗಿನ ಬೆಂಚಿನಿಂದ ಅದನ್ನು ನೋಡಿದೆ. ಕೇಳಿಸಿದ್ದನ್ನು ಕೇಳಿಸಿತು ಎಂದು ಹೇಳಲು ಅರವತ್ತರ ಹತ್ತಿರ ಬಂದ ಗಂಡಸು ಅಷ್ಟು ಹೆದರುವುದನ್ನು ನಾನು ನೋಡಿರಲಿಲ್ಲ.

ಪರೀಕ್ಷೆ ಮಾಡಿದ ಹೆಣ್ಣುಮಗಳು ಕಾಗದ ತೋರಿಸಿ ತಮಿಳಿನಲ್ಲಿ ಹೇಳಿದಳು, ಏನೂ ತೊಂದರೆ ಇಲ್ಲ ಅಯ್ಯಾ, ನಿಮ್ಮ ವಯಸ್ಸಿನವರಲ್ಲಿ ಇಷ್ಟು ಒಳ್ಳೆಯ ಕಿವಿ ಅಪರೂಪ ಎಂದು. ನೀನು ಖುಷಿಪಡಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದೆ. “ಕಿವಿ ಸರೀಗೈತೆ ಅಂದ್ರೆ ತಲೆ ಕೆಟ್ಟೈತೆ ಅಂತ ಅಲ್ವೇನಣ್ಣ? ಇಲ್ದಿದ್ ಮಾತು ಹೆಂಗ್ ಕೇಳುಸ್ತು ನಂಗೆ? ಬಾ ಅಂದಂಗೇ ಈಗ್ಲೂ ಕೇಳುಸ್ತೈತೆ.”

ಟೀ ಕುಡಿಯೋಣ ಬಾ ಎಂದೆ. ಅವತ್ತು ಆ ಮೆಟ್ಟಿಲ ಮೇಲೆ ಹೇಳದೆ ಹೋದದ್ದು ಮೊದಲಿನ ಸುಳ್ಳಿಗಿಂತ ದೊಡ್ಡದು. ಮೊದಲನೆಯದು ಹೆದರಿಕೆಯಲ್ಲಿ ಬಂತು. ಇದು ಟೀ ಅಂಗಡಿಯ ಕಡೆ ನಡೆಯುತ್ತಾ ತಣ್ಣಗೆ ಬಂತು. ನೀನು ಎರಡು ಬಿಸ್ಕತ್ತು ತಿಂದೆ, ನನಗೂ ಒಂದು ಅದ್ದಿ ಕೊಟ್ಟೆ.

ಅವತ್ತಿನಿಂದ ಬರೆಯಲು ಕೂತಿದ್ದೇನೆ. ಬರೆದು ಹರಿದು, ಮತ್ತೆ ಬರೆದು. ಕನ್ನಡದಲ್ಲಿ ಬರೆದೆ, ನನಗೆ ಚೆನ್ನಾಗಿ ಬರುವುದು ಇದೇ ಎಂದು. ಇವತ್ತು ಬೆಳಿಗ್ಗೆ ಮೊದಲಿಂದ ಓದಿ ನೋಡುವಾಗ ಗೊತ್ತಾಯಿತು, ಇಲ್ಲೂ ನಾನು ಮೋಸ ಮಾಡಿದ್ದೇನೆ. ನಾನು ಓದುವಾಗ ಇದ್ದ ಊರಿನ ಕನ್ನಡ ಶಾಲೆ ನೀನು ಸೇರುವ ಹೊತ್ತಿಗೆ ಮೇಷ್ಟ್ರಿಲ್ಲದೆ ಮುಚ್ಚಿತು. ನೀನು ಓದಿದ್ದು ತಮಿಳು. ಆಡುವುದು ಕನ್ನಡವಾದರೂ ಅದರ ಒಂದಕ್ಷರ ನಿನಗೆ ಓದಲು ಬಾರದು. ಈ ಕಾಗದ ನಿನ್ನ ಕೈಗೆ ಕೊಟ್ಟರೂ ನೀನು ಅದನ್ನು ತಿರುಗಿಸಿ ನೋಡಿ, ಏನಣ್ಣ ಇದು ಎಂದು ನನಗೇ ವಾಪಸು ಕೊಡುತ್ತೀಯ. ತಪ್ಪೊಪ್ಪಿಕೊಂಡೆ ಎಂಬ ನೆಮ್ಮದಿ ನನಗೆ, ವಿಷಯ ಮಾತ್ರ ನಿನಗೆ ತಲುಪದು. ಬೇಕೆಂದೇ ಹಾಗೆ ಮಾಡಿದೆನಾ? ಇಲ್ಲ ಎಂದು ಹೇಳುವಷ್ಟು ನನ್ನ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ತಮಿಳಿನಲ್ಲಿ ಬರೆಸಬಹುದು. ಬರೆಸುವುದಿಲ್ಲ. ಬಾಯಿಂದ ಆಡಿದ ಸುಳ್ಳು ಬಾಯಿಂದಲೇ ಹೋಗಬೇಕು.

ನಾಳೆ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ನಿನ್ನ ಮನೆಗೆ ಬರುತ್ತೇನೆ. ರತ್ನಮ್ಮನನ್ನೂ ಕೂರಿಸು ಎಂದು ಕೇಳುತ್ತೇನೆ. ಭಾವ ಭಾವ ಎಂದು ತಟ್ಟೆಯ ತುಂಬ ಬಡಿಸಿದವಳು ಅವಳು, ಅವಳ ಎದುರಿಗಾದರೆ ಮಾತು ಬದಲಾಯಿಸಲು ನನಗೆ ಆಗದು. ಮಗನಿದ್ದರೆ ಅವನೂ ಇರಲಿ. ಈ ಕಾಗದವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಜೋರಾಗಿ ಓದುತ್ತೇನೆ. ಆಮೇಲೆ ನೀನು ಎದ್ದು ಹೋಗು ಎಂದರೆ ಹೋಗುತ್ತೇನೆ. ಕಾಶಿಯ ಊರಿಗೆ ನಡಿ ಎಂದರೆ ಬರುತ್ತೇನೆ. ಪೊಲೀಸ್ ಸ್ಟೇಷನ್ನಿಗೆ ಎಂದರೆ ಅದಕ್ಕೂ. ನೀನು ಏನೂ ಹೇಳದೆ ಕೂತರೆ ಅದು ಹೆಚ್ಚು ಕಷ್ಟ, ಆದರೂ ಕೂತಿರುತ್ತೇನೆ.

ಒಂದು ಮಾತ್ರ ನನಗೆ ಮೊದಲೇ ಗೊತ್ತು. ಈಚೆಗೆ ನೀನು ಯಾರು ಏನು ಹೇಳಿದರೂ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಕುತ್ತಿಗೆ ಸ್ವಲ್ಪ ಮುಂದೆ ಚಾಚಿ, ಏನಂದೆ ಎಂದು ಮತ್ತೆ ಕೇಳುತ್ತೀಯ, ಕೇಳಿಸಿದ್ದರೂ ಕೇಳುತ್ತೀಯ. ನಾಳೆಯೂ ಕೇಳುತ್ತೀಯ. ಆಗ ನಾನು ಕಾಗದ ಕೆಳಗಿಟ್ಟು, ನಿನ್ನ ಮುಖ ನೋಡಿಕೊಂಡು ಮತ್ತೆ ಹೇಳುತ್ತೇನೆ. ಇನ್ನೊಂದು ಸಲ ಕೇಳಿದರೆ ಇನ್ನೊಂದು ಸಲ. ನಿನಗೆ ಕೇಳಿಸಿದ್ದು ನಿಜ ಎಂದು ನಿನಗೆ ಅನ್ನಿಸುವ ತನಕ ಹೇಳುತ್ತಲೇ ಇರುತ್ತೇನೆ.